ಹೆಸರಿಲ್ಲದ ಕಾಯಿಲೆಗೆ ಮದ್ದು ಹುಡುಕುವುದು ಹೇಗೆ?



ವೈದ್ಯಕೀಯ ನೆರವಿನ ಅರ್ಜಿಯಲ್ಲಿ ‘ಕಾಯಿಲೆಯ ಹೆಸರು’ ಎಂಬ ಸಾಲೊಂದಿರುತ್ತದೆ. ಹೃದಯದ ಆಪರೇಷನ್, ಡಯಾಲಿಸಿಸ್, ಕ್ಯಾನ್ಸರ್ ಎಂದು ತುಂಬಿದವರಿಗೆ ಆಸ್ಪತ್ರೆಯಿಂದ ಖರ್ಚಿನ ಅಂದಾಜು ಸಿಗುತ್ತದೆ, ನೆರವೂ ಬೇಗ ತಲುಪುತ್ತದೆ. ಆದರೆ ಆ ಸಾಲನ್ನು ಖಾಲಿ ಬಿಡಬೇಕಾದ ಕುಟುಂಬಗಳೂ ಇವೆ. ಮಗುವಿಗೆ ಕುತ್ತಿಗೆ ನಿಲ್ಲುವುದಿಲ್ಲ, ತೂಕ ಏರುವುದಿಲ್ಲ, ಮತ್ತೆ ಮತ್ತೆ ಫಿಟ್ಸ್ ಬರುತ್ತದೆ. ಡಾಕ್ಟರಿಂದ ಡಾಕ್ಟರಿಗೆ ಅಲೆದರೂ ಏನೆಂದು ತಿಳಿಯುವುದಿಲ್ಲ. ಇಂಥ ವಿರಳ ಕಾಯಿಲೆಗಳನ್ನು ಪತ್ತೆ ಹಚ್ಚಿ ಮದ್ದು ಹುಡುಕುವುದರಲ್ಲಿ ವೈದ್ಯರ ಜೊತೆ ಗಣಕ ಜೀವವಿಜ್ಞಾನಿಗಳೂ ದುಡಿಯುತ್ತಾರೆ. ಅವರ ಕೆಲಸವೇನು, ಅದಕ್ಕೂ ನಮ್ಮ ನಿಧಿಗೂ ಏನು ಸಂಬಂಧ ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಮೊದಲು ಹೆಸರು

ವಿರಳ ಕಾಯಿಲೆಗಳು ಸಾವಿರಾರು, ಬಹುಪಾಲು ಆನುವಂಶಿಕ. ನಮ್ಮ ವಂಶವಾಹಿ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ ಎನ್ನಬಹುದು. ವಿಜ್ಞಾನಿಗಳು ಮಾದರಿಯಾಗಿ ಇಟ್ಟುಕೊಂಡ ಪ್ರತಿಗೆ ಹೋಲಿಸಿದರೆ ಒಬ್ಬೊಬ್ಬರ ಬರಹವೂ 40–50 ಲಕ್ಷ ಕಡೆ ಬೇರೆಯಾಗಿರುತ್ತದೆ. ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿ. ರಕ್ತದ ಮಾದರಿಯನ್ನು ಲ್ಯಾಬಿನ ಯಂತ್ರ ಓದಿ ಕೊಟ್ಟ ಮೇಲೆ, ಇಷ್ಟರ ನಡುವೆ ಕಾಯಿಲೆಗೆ ಕಾರಣವಾದ ಒಂದೋ ಎರಡೋ ವ್ಯತ್ಯಾಸವನ್ನು ಹೆಕ್ಕಬೇಕು. ಇದು ಅಕ್ಕಿಯಲ್ಲಿ ಕಲ್ಲು ಆರಿಸುವಂಥ ಕೆಲಸ. ಆರೋಗ್ಯವಂತರಲ್ಲೂ ಸಾಮಾನ್ಯವಾಗಿರುವ ವ್ಯತ್ಯಾಸಗಳನ್ನು ಮೊದಲು ಬದಿಗಿಡುತ್ತಾರೆ. ಉಳಿದವುಗಳಲ್ಲಿ ಯಾವುದು ಪ್ರೋಟೀನನ್ನು ಕೆಡಿಸೀತು ಎಂದು ನೋಡುತ್ತಾರೆ. ತಂದೆ ತಾಯಿಯ ಮಾದರಿಯೊಡನೆ, ಮಗುವಿನ ಲಕ್ಷಣಗಳೊಡನೆ ತಾಳೆ ಹಾಕುತ್ತಾರೆ.

‘ಸಾಮಾನ್ಯ’ ಯಾವುದೆಂದು ಹೇಳಲು ನಮ್ಮ ಜನರದೇ ಮಾಹಿತಿ ಬೇಕು. ಯುರೋಪಿನಲ್ಲಿ ವಿರಳವಾದದ್ದು ನಮ್ಮಲ್ಲಿ ಮಾಮೂಲಾಗಿರಬಹುದು. ಈ ಕೊರತೆ ನೀಗಲೆಂದೇ ‘ಜೀನೋಮ್ ಇಂಡಿಯಾ’ ಯೋಜನೆ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಪುಣೆಯ ಐಸರ್ ಸೇರಿ 20 ಸಂಸ್ಥೆಗಳು ಕೈಜೋಡಿಸಿದವು. 2025ರ ಜನವರಿಯಲ್ಲಿ 10,000 ಭಾರತೀಯರ ಮಾಹಿತಿ ಸಂಶೋಧಕರಿಗೆ ದೊರಕಿತು.

ನಮ್ಮ ಕಡೆ ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆಯಾಗುವ ರೂಢಿಯಿದೆ. ಗಂಡ ಹೆಂಡತಿ ಇಬ್ಬರೂ ಆರೋಗ್ಯವಾಗಿದ್ದು, ಒಂದೇ ಜೀನಿನ ದೋಷ ಇಬ್ಬರಲ್ಲೂ ಒಂದೊಂದು ಪ್ರತಿ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದು ಯಾರ ತಪ್ಪೂ ಅಲ್ಲ, ಶಾಪವೂ ಅಲ್ಲ. ಕಾರಣ ತಿಳಿದರೆ ಮುಂದಿನ ಬಸಿರಿನ ಮೊದಲೇ ವೈದ್ಯರ ಸಲಹೆ ಪಡೆಯಬಹುದು.

ಆಮೇಲೆ ಮದ್ದು

ಕೆಟ್ಟ ಪ್ರೋಟೀನ್ ಯಾವುದೆಂದು ತಿಳಿದ ಮೇಲೆ ಅದರ ಆಕಾರವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಯಾವ ರಾಸಾಯನಿಕ ಅದಕ್ಕೆ ಬೀಗಕ್ಕೆ ಕೀಲಿಯಂತೆ ಕೂಡುತ್ತದೆ ಎಂದು ಲಕ್ಷಗಟ್ಟಲೆ ಅಣುಗಳಲ್ಲಿ ಹುಡುಕುತ್ತಾರೆ. ಪುಣೆಗೆ ಈ ವಿದ್ಯೆ ಹೊಸದಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ 1987ರಲ್ಲೇ ಬಯೋಇನ್ಫರ್ಮ್ಯಾಟಿಕ್ಸ್ ಕೇಂದ್ರ ಆರಂಭವಾಯಿತು. ಇಲ್ಲಿನ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರ್ ಕಟ್ಟಿತು. ಆದರೂ ಕಂಪ್ಯೂಟರ್ ಕೊಡುವುದು ಪಟ್ಟಿಯನ್ನಷ್ಟೇ. ಅದು ಮದ್ದು ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಲ್ಯಾಬಿನ ಪ್ರಯೋಗ, ರೋಗಿಗಳ ಮೇಲಿನ ಪರೀಕ್ಷೆ ಎಂದು ವರ್ಷಗಳೇ ಬೇಕು.

ಹಾಗಾಗಿ ಈಗಾಗಲೇ ಇರುವ ಔಷಧ ಬೇರೊಂದು ಕಾಯಿಲೆಗೆ ಆದೀತೇ ಎಂದೂ ಹುಡುಕುತ್ತಾರೆ. ಟೈರೋಸಿನೀಮಿಯಾ ಟೈಪ್ 1 ಎಂಬ ಕಾಯಿಲೆಯಲ್ಲಿ ಒಂದು ಕಿಣ್ವದ ಕೊರತೆಯಿಂದ ವಿಷವಸ್ತು ಸೇರಿ ಮಗುವಿನ ಲಿವರ್ ಕೆಡುತ್ತದೆ. ಇದಕ್ಕೆ ಕೊಡುವ ನಿಟಿಸಿನೋನ್ ಮೂಲತಃ ಕಳೆನಾಶಕಗಳ ಸಂಶೋಧನೆಯಲ್ಲಿ ಹುಟ್ಟಿದ್ದು! ವಿಷ ಹುಟ್ಟುವ ಮೊದಲಿನ ಹಂತವನ್ನೇ ಅದು ತಡೆಯುತ್ತದೆ ಎಂದು ವಿಜ್ಞಾನಿಗಳು ಗುರುತಿಸಿದರು. ಸ್ವೀಡನ್ನಿನ ವೈದ್ಯರು ಇದರಿಂದ ಮಕ್ಕಳು ಚೇತರಿಸಿಕೊಂಡದ್ದನ್ನು 1992ರಲ್ಲಿ ವರದಿ ಮಾಡಿದರು. ಇಂಥ ನಂಟುಗಳನ್ನು ಈಗ ಕಂಪ್ಯೂಟರಿನ ನೆರವಿನಿಂದ ಸಾಲುಸಾಲಾಗಿ ಶೋಧಿಸುತ್ತಾರೆ.

ಹಣದ ಮಾತು

ಒಂದು ಮಗುವಿಗೆ ನಿಟಿಸಿನೋನ್ ವರ್ಷಕ್ಕೆ ಸುಮಾರು 2.2 ಕೋಟಿ ರೂಪಾಯಿ ಬೀಳುತ್ತಿತ್ತು. ನಮ್ಮ ದೇಶದಲ್ಲೇ ತಯಾರಾದ ಮೇಲೆ ಅದು ಸುಮಾರು 2.5 ಲಕ್ಷಕ್ಕೆ ಇಳಿಯಿತು ಎಂದು 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ತಿಳಿಸಿತು. 2021ರ ರಾಷ್ಟ್ರೀಯ ವಿರಳ ಕಾಯಿಲೆ ನೀತಿಯಡಿ, ನೀತಿಯಲ್ಲಿ ಹೆಸರಿಸಿದ ಕಾಯಿಲೆಗಳಿಗೆ, ನಿಗದಿತ ಉತ್ಕೃಷ್ಟತಾ ಕೇಂದ್ರಗಳಲ್ಲಿ 50 ಲಕ್ಷದವರೆಗೆ ನೆರವಿದೆ. ಹಳೆಯ ಬೆಲೆಗೆ ಆ ಹಣ ಮೂರು ತಿಂಗಳಿಗೂ ಸಾಲುತ್ತಿರಲಿಲ್ಲ. ಈಗ ವರ್ಷಗಟ್ಟಲೆ ಬರುತ್ತದೆ. ಪುಣೆಯವರಿಗೆ ಹತ್ತಿರದ ಇಂಥ ಕೇಂದ್ರ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆ. ಊರಿನ ಕಡೆಯವರಿಗೆ ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವಿದ್ದು, ಅದರೊಂದಿಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಕೆಲಸ ಮಾಡುತ್ತದೆ.

ಆದರೆ ಈ ಬಾಗಿಲು ತೆರೆಯುವುದು ಕಾಯಿಲೆಯ ಹೆಸರು ಗೊತ್ತಾದ ಮೇಲೆಯೇ. ಕೋಟಿ ಬೆಲೆಯ ಚಿಕಿತ್ಸೆ ನಮ್ಮಂಥ ಸಂಘದ ಕೈಗೆಟುಕುವ ಮಾತಲ್ಲ. ಮಗುವಿನ ಮತ್ತು ತಂದೆ ತಾಯಿಯ ಜೀನ್ ಪರೀಕ್ಷೆ, ಮುಂಬಯಿಗೆ ಹೋಗಿಬರುವ ಖರ್ಚು, ಅಲ್ಲಿ ನಾಲ್ಕು ದಿನದ ವಸತಿ, ಆ ದಿನಗಳಲ್ಲಿ ತಪ್ಪಿದ ಕೂಲಿ ಇವು ನಮಗೆ ಎಟುಕುತ್ತವೆ. ನಿಮ್ಮ ಕಾಣಿಕೆ ಅತ್ಯಂತ ಹೆಚ್ಚು ಕೆಲಸ ಮಾಡುವುದು ಇಲ್ಲಿ.

ನಿಮ್ಮ ನೆರೆಯಲ್ಲಿ ಇಂಥ ಕುಟುಂಬವಿದ್ದರೆ, ಹಳೆಯ ವರದಿಗಳನ್ನು ಒಂದನ್ನೂ ಎಸೆಯದೆ ಕಾಪಾಡಲು ಹೇಳಿ, ಸಂಘದ ಕಚೇರಿಗೆ ಕರೆತನ್ನಿ. ಹೆಸರಿನ ಸಾಲು ಖಾಲಿಯಿದ್ದರೂ ಅರ್ಜಿ ಕೊಡಲು ತಿಳಿಸಿ. ಆ ಸಾಲನ್ನು ತುಂಬಿಸಲು ವೈದ್ಯಕೀಯ ನೆರವು ನಿಧಿಗೆ ತಮ್ಮ ಕೈಲಾದಷ್ಟು ಸಹಾಯ ನೀಡಬೇಕೆಂದು ವಿನಂತಿ.