ಬೆಳಕಿನ ಸಂಧಿ

ಹಾವೇರಿಯ ಸಿದ್ಧೇಶ್ವರ ದೇವಾಲಯವು ಪಶ್ಚಿಮಾಭಿಮುಖವಾದುದು. ಬಹುಪಾಲು ಗುಡಿಗಳು ಮೂಡಣ ಸೂರ್ಯನನ್ನು ಎದುರುಗೊಳ್ಳುವಾಗ ಇದೊಂದು ಸಂಜೆಯ ಬೆಳಕಿಗಾಗಿ ಕಾದು ನಿಂತಂತೆ ತೋರುತ್ತದೆ. ಆ ಹೊತ್ತಿನಲ್ಲಿ ತೆಗೆದ ಅದರ ಚಿತ್ರವನ್ನು ಕಾಲೇಜಿನ ಸಭಾಂಗಣದ ಗೋಡೆಯ ಉದ್ದಕ್ಕೂ ಮೂಡಿಸಿ, ಚಾಲುಕ್ಯ ಶಿಲ್ಪವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬ ಆಸೆ ನನ್ನದು. ನಮ್ಮಲ್ಲಿದ್ದುದಾದರೋ ಎರಡು ಹಳೆಯ ಪ್ರೊಜೆಕ್ಟರುಗಳು. ಅವೂ ವಿಲೇವಾರಿ ಪಟ್ಟಿಗೆ ಸೇರಿದ್ದವು. ಒಂದನ್ನೇ ದೂರವಿಟ್ಟು ಚಿತ್ರವನ್ನು ಹಿಗ್ಗಿಸಿದರೆ ಗುಡಿ ಮಂಜಿನಲ್ಲಿ ಮುಳುಗಿದಂತಾಗುತ್ತಿತ್ತು. ದೊಡ್ಡ ಯಂತ್ರವನ್ನು ಬಾಡಿಗೆಗೆ ತರುವ ಶಕ್ತಿ ನಮಗಿರಲಿಲ್ಲ.

ಆಗ ಮುಂದೆ ಬಂದವರು ಇಬ್ಬರು. ರಾಣೇಬೆನ್ನೂರಿನಿಂದ ನಿತ್ಯ ರೈಲಿನಲ್ಲಿ ಬರುವ ವಿದ್ಯಾರ್ಥಿಯೊಬ್ಬ. ನಡುವಣ ಬ್ಯಾಡಗಿಯಲ್ಲಿ ಅದೇ ಗಾಡಿಯನ್ನು ಹತ್ತುವ ವಿದ್ಯಾರ್ಥಿನಿಯೊಬ್ಬಳು. ಒಂದು ಗಣಕಯಂತ್ರಕ್ಕೆ ಎರಡು ಪ್ರೊಜೆಕ್ಟರುಗಳನ್ನೂ ಜೋಡಿಸಿ, ಚಿತ್ರದ ಎಡಭಾಗವನ್ನು ಒಂದಕ್ಕೆ, ಬಲಭಾಗವನ್ನು ಇನ್ನೊಂದಕ್ಕೆ ಹಂಚಿದರು. ಅಂಚಿಗೆ ಅಂಚು ತಾಗಿಸಿದಾಗ ನಡುವೆ ಕೂದಲೆಳೆಯಷ್ಟು ಬಿರುಕು ಉಳಿದು ಗುಡಿ ಎರಡು ಹೋಳಾಯಿತು. ಅಂಚುಗಳನ್ನು ಒಂದರ ಮೇಲೊಂದು ಹಾಯಿಸಿದಾಗ ಬಿರುಕೇನೋ ಮಾಯವಾಯಿತು. ಅಲ್ಲಿ ಕಣ್ಣು ಕುಕ್ಕುವ ಬೆಳಕಿನ ಪಟ್ಟೆಯೊಂದು ನಿಂತಿತು.

"ಸರ್, ನಮ್ಮ ಆಯಿ ಕೌದಿ ಹೊಲಿಯುವಾಗ ಅರಿವಿ ಮ್ಯಾಲ ಅರಿವಿ ಬಂದಲ್ಲಿ ದಪ್ಪ ಆಗತೈತ್ರಿ. ಇಲ್ಲೂ ಹಂಗ ಆಗೇತಿ ನೋಡ್ರಿ" ಎಂದಳು ಬ್ಯಾಡಗಿಯ ಹುಡುಗಿ. ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಯಾವ ಗ್ರಂಥದಲ್ಲಿಯೂ ಕಂಡಿಲ್ಲ.

ಪರಿಹಾರವು ಹೀಗೆ. ಒಂದೊಂದು ಯಂತ್ರದ ಚಿತ್ರದ ಅಗಲ 1024 ಬಿಂದುಗಳು. ಅವುಗಳಲ್ಲಿ 256 ಬಿಂದುಗಳನ್ನು ಎರಡಕ್ಕೂ ಸಾಮಾನ್ಯವಾಗಿಟ್ಟರೆ ಒಟ್ಟು ಚಿತ್ರ 1792 ಬಿಂದುಗಳಷ್ಟು ಅಗಲವಾಗುತ್ತದೆ. ಆ ಸಾಮಾನ್ಯ ಭಾಗದಲ್ಲಿ ಒಂದರ ಬೆಳಕು ಮೆಲ್ಲನೆ ಇಳಿಯಬೇಕು, ಇನ್ನೊಂದರದು ಅಷ್ಟೇ ಮೆಲ್ಲನೆ ಏರಬೇಕು. ಎಲ್ಲಿ ಅಳೆದರೂ ಎರಡರ ಮೊತ್ತ ಒಂದೇ ಆಗಿರಬೇಕು. ಹುಡುಗ ಹಾಗೆಯೇ ಮಾಡಿದ. ವಿಚಿತ್ರವೆಂದರೆ, ಬೆಳಗುತ್ತಿದ್ದ ಪಟ್ಟೆ ಈಗ ಕಪ್ಪಾಯಿತು! ಯಂತ್ರಕ್ಕೆ ಕೊಡುವ ಸಂಕೇತಕ್ಕೂ ಅದು ಬೀರುವ ಬೆಳಕಿಗೂ ಸಮಪ್ರಮಾಣವಿಲ್ಲ. ಬೆಳಕು ಸಂಕೇತದ ಸುಮಾರು 2.2ನೆಯ ಘಾತವನ್ನು ಅನುಸರಿಸುತ್ತದೆ. ಇದನ್ನೇ 'ಗ್ಯಾಮಾ' ಎನ್ನುವರು. ಸಂಕೇತವನ್ನು ನೂರರಿಂದ 50ಕ್ಕೆ ಇಳಿಸಿದರೆ ಬೆಳಕು ಸುಮಾರು 22ಕ್ಕೆ ಕುಸಿಯುತ್ತದೆ. ಎರಡು ಕೂಡಿದರೂ 44. ಅರ್ಧ ಬೆಳಕು ಬೇಕೆಂದರೆ ಸಂಕೇತವು 73ರ ಆಸುಪಾಸಿನಲ್ಲಿರಬೇಕು. ಈ ಲೆಕ್ಕ ಕೈಗೂಡಿದಾಗ ಪಟ್ಟೆ ಕರಗಿತು.

ಈ ಪೇಚಾಟ ಹೊಸದೇನಲ್ಲ. 1952ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ 'ಸಿನೆರಾಮಾ' ಮೂರು ಪ್ರೊಜೆಕ್ಟರುಗಳ ಚಿತ್ರವನ್ನು ಬಾಗಿದ ಒಂದೇ ತೆರೆಯ ಮೇಲೆ ಕೂಡಿಸಿತು. ಅದರ ಅಂಚುಗಳನ್ನು ಮಸುಕುಗೊಳಿಸಲು ಗರಗಸದಂಥ ಹಲ್ಲುಗಳುಳ್ಳ ಪುಟ್ಟ ಹಣಿಗೆಗಳು ಯಂತ್ರದೊಳಗೆ ಮೇಲೆ ಕೆಳಗೆ ಅದುರುತ್ತಿದ್ದವು. ಆದರೂ ಬೆಸುಗೆಯ ಗೆರೆಗಳು ಪ್ರೇಕ್ಷಕರ ಕಣ್ಣಿಗೆ ಬೀಳುತ್ತಿದ್ದವು. ಇಂದು ಮಂಗಳೂರಿನ ಪಿಲಿಕುಳದಲ್ಲಿ, 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಸ್ವಾಮಿ ವಿವೇಕಾನಂದ ತಾರಾಲಯದ ಗುಮ್ಮಟದಡಿ ಕುಳಿತವರಿಗೆ, ಕಾಣುವ ಆಕಾಶ ಹಲವು ಯಂತ್ರಗಳ ಬೆಳಕಿನ ಕೂಟವೆಂಬುದು ನೆನಪಿಗೂ ಬಾರದು.

ಕನ್ನಡ ಪಾಠ ಹೇಳುವ ನನಗೆ ಇದನ್ನು ಕಂಡು ವ್ಯಾಕರಣವೇ ನೆನಪಾಯಿತು. 'ಊರು' 'ಊರು' ಸೇರಿ 'ಊರೂರು' ಆಗಬೇಕಾದರೆ ಮೊದಲನೆಯದರ ಕೊನೆಯ ಸ್ವರ ಬಿಟ್ಟುಕೊಡಬೇಕು, ಅದೇ ಲೋಪಸಂಧಿ. ಇಲ್ಲಿಯಾದರೋ ಎರಡೂ ಬಿಟ್ಟುಕೊಡಬೇಕು. ಅಷ್ಟೇ ಅಲ್ಲ, ನಮ್ಮ ಎರಡು ಯಂತ್ರಗಳಲ್ಲಿ ಒಂದರ ದೀಪ ಹೆಚ್ಚು ಸವೆದಿತ್ತು. ಮಂಕಾದುದನ್ನು ಬೆಳಗಿಸಲು ಉಪಾಯವಿಲ್ಲ. ಬೆಳಗುವುದೇ ತನ್ನ ಕಾಂತಿಯನ್ನು ತಗ್ಗಿಸಿ ಅದರ ಸಮಕ್ಕೆ ಬರಬೇಕಾಯಿತು.

ಒಂದು ಕೊರತೆ ಮಾತ್ರ ಉಳಿಯಿತು. ಪ್ರೊಜೆಕ್ಟರಿಗೆ ಕತ್ತಲೆಯನ್ನು ಬೀರುವ ಶಕ್ತಿಯಿಲ್ಲ. ಕಪ್ಪನ್ನು ತೋರಿಸೆಂದರೂ ಅದರಿಂದ ತುಸು ಬೆಳಕು ಸೋರುತ್ತದೆ. ಎರಡು ಸೋರಿಕೆಗಳು ಕೂಡಿದಲ್ಲಿ ಬೂದುಬಣ್ಣದ ಛಾಯೆ ಏಳುತ್ತದೆ. ಅದು ಕಾಣದಂತೆ ಉಳಿದ ಕಪ್ಪನ್ನೂ ತುಸು ತಿಳಿಯಾಗಿಸುವುದೊಂದೇ ನಮಗಿದ್ದ ದಾರಿ.

ಆ ಸಂಜೆ ಸಿದ್ಧೇಶ್ವರನ ಗುಡಿ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಅಖಂಡವಾಗಿ ಮೂಡಿತು. ನಾನು ಸಿದ್ಧಪಡಿಸಿದ್ದ ಭಾಷಣ ಅರ್ಧಕ್ಕೇ ನಿಂತಿತು. ನೋಡುವವರ ನಡುವೆ ಮಾತಿಗೆ ಎಡೆಯಿರಲಿಲ್ಲ. ಕೊನೆಯಲ್ಲಿ ಬ್ಯಾಡಗಿಯ ಹುಡುಗಿ ನನ್ನ ಬಳಿ ಬಂದು, "ಆಕಾಶದಾಗ ಇನ್ನೂ ಒಂಚೂರು ಹೊಲಿಗಿ ಕಾಣತೈತ್ರಿ ಸರ್" ಎಂದು ಪಿಸುಗುಟ್ಟಿದಳು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಮರುವಾರ ಆ ಎರಡು ಯಂತ್ರಗಳನ್ನು ವಿಲೇವಾರಿ ಪಟ್ಟಿಯಿಂದ ತೆಗೆದುಹಾಕಲಾಯಿತು.