ಯಾದವಗಿರಿಯ ಬಾನುಲಿ

ಮೈಸೂರಿನ ಆಟೋದವರಿಗೆ ‘ಆಕಾಶವಾಣಿ ಸರ್ಕಲ್’ ಎಂದರೆ ಸಾಕು, ನೇರ ಯಾದವಗಿರಿಗೆ ತಂದು ಬಿಡುತ್ತಾರೆ. ಅಲ್ಲಿನ ಆಕಾಶವಾಣಿ ನಿಲಯದ ಹತ್ತಿರದಲ್ಲೇ ‘ವಿಠ್ಠಲ ವಿಹಾರ’ವಿತ್ತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಆ ಮನೆಯಿಂದಲೇ ಪ್ರಸಾರ ಶುರುಮಾಡಿದರು. ಮೊದಲ ದಿನ ಕುವೆಂಪು ಕವಿತೆ ಓದಿದರು. ‘ಆಕಾಶವಾಣಿ’ ಎಂದು ಹೆಸರಿಟ್ಟವರು ನಾ. ಕಸ್ತೂರಿ ಎನ್ನುತ್ತಾರೆ, ಮುಂದೆ ಇಡೀ ದೇಶದ ಬಾನುಲಿಗೇ ಅದು ಹೆಸರಾಯಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು, 1974ರಲ್ಲಿ ಮೈಸೂರಿಗೆ ಮತ್ತೆ ತನ್ನ ನಿಲಯ ಸಿಕ್ಕಿತು. ಈಗ ಅದು ಎಫ್‌ಎಂ 100.6ರಲ್ಲಿ ಕೇಳುತ್ತದೆ.

ಈ ಚರಿತ್ರೆ ದೊಡ್ಡದೇ. ಆದರೂ ಈ ನಿಲಯದ ನಿಜವಾದ ಹಿರಿಮೆಯನ್ನು ನಾನು ಕಾಣುವುದು ಯಾವ ವಿಶೇಷವೂ ಇಲ್ಲದ ಒಂದು ಮಾಮೂಲಿ ದಿನದಲ್ಲಿ.

ನಸುಕಿನಲ್ಲಿ ಮೊದಲು ಬರುವುದು ಆಕಾಶವಾಣಿಯ ಆ ಪರಿಚಿತ ನಾದ. ನಾಜಿಗಳ ಕಾಲದಲ್ಲಿ ಯುರೋಪು ಬಿಟ್ಟು ಮುಂಬಯಿಗೆ ಬಂದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಕಟ್ಟಿದ್ದು ಅದು. ಹಿಂದೆಯೇ ವಂದೇ ಮಾತರಂ, ಮಂಗಳವಾದ್ಯ, ದಾಸರ ಪದ, ವಚನ. ದೆಹಲಿಯಿಂದ ಸಂಸ್ಕೃತ ವಾರ್ತೆ, ಆಮೇಲೆ ಪ್ರದೇಶ ಸಮಾಚಾರ. ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಸ್ಕೂಲಿಗೆ ಹೊರಡಿಸುವ ಹೊತ್ತನ್ನು ಈ ವಾರ್ತೆಗಳಿಂದಲೇ ಲೆಕ್ಕಹಾಕುತ್ತಿದ್ದರು. ಚಿತ್ರಗೀತೆ, ಮಹಿಳೆಯರ ಕಾರ್ಯಕ್ರಮ, ವೈದ್ಯರೊಡನೆ ಫೋನ್-ಇನ್, ಯುವವಾಣಿ, ನಾಟಕ ಎಲ್ಲಕ್ಕೂ ಅವುಗಳದೇ ಹೊತ್ತು, ಅವುಗಳದೇ ವಾರ.

ನನಗೆ ಎಲ್ಲಕ್ಕಿಂತ ಪ್ರೀತಿ ರೈತರ ಕಾರ್ಯಕ್ರಮದ ಮೇಲೆ. ರಾಗಿಗೆ ಬೆಂಕಿ ರೋಗ ಬಂದರೆ ಏನು ಮಾಡಬೇಕು, ರೇಷ್ಮೆ ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಸೊಪ್ಪು ಯಾವಾಗ ನಿಲ್ಲಿಸಬೇಕು, ನಂಜನಗೂಡು ರಸಬಾಳೆಯನ್ನು ಸೊರಗು ರೋಗದಿಂದ ಹೇಗೆ ಕಾಪಾಡಬೇಕು ಎಂಬಂಥ ಮಾತು ಇಲ್ಲಿ ನಡೆಯುವುದು ವಿಜ್ಞಾನಿಗೂ ಬೇಸಾಯಗಾರನಿಗೂ ನಡುವೆ, ಮಂಡ್ಯ ಚಾಮರಾಜನಗರದ ಆಡುಮಾತಿನಲ್ಲಿ. ಟೀವಿಯ ಚರ್ಚೆಗಳಲ್ಲಿ ಈ ಬಿಡುವಿನ ಮಾತು ಎಲ್ಲಿ ಸಿಗುತ್ತದೆ?

ಇದರ ಪಕ್ಕದಲ್ಲೇ ವೀಣೆಯ ಕಛೇರಿ ಇರಬಹುದು, ಗಮಕವಿರಬಹುದು, ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯೋ ದೇವರಗುಡ್ಡರ ಕಂಸಾಳೆಯೋ ಇರಬಹುದು. ಬೆಳೆಯ ಮಾತಿಗೆಂದು ರೇಡಿಯೊ ಹಾಕಿದವನ ಕಿವಿಗೆ ತಾನಾಗಿಯೇ ಖರಹರಪ್ರಿಯ ರಾಗ ಬೀಳುತ್ತದೆ. ಕಛೇರಿಗೆ ಕಾದವರಿಗೆ ಕಬ್ಬಿನ ಗೊಣ್ಣೆಹುಳುವಿನ ಸುದ್ದಿ ತಿಳಿಯುತ್ತದೆ. ನಮ್ಮ ಫೋನುಗಳು ನಮಗೆ ರುಚಿಸಿದ್ದನ್ನೇ ಮತ್ತೆ ಮತ್ತೆ ಬಡಿಸುತ್ತವೆ. ನೆರೆಯವರ ಬದುಕನ್ನೂ ಕೇಳಿಸುವ ಈ ಏರ್ಪಾಡು ಉಳಿಯಲೇಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಡುವವರಿಗೂ ಇದು ದೊಡ್ಡ ಆಸರೆ. ಧ್ವನಿಪರೀಕ್ಷೆಯಲ್ಲಿ ಗೆದ್ದವರಿಗೆ ಬಿ, ಬಿ-ಹೈ, ಎ, ಟಾಪ್ ಎಂದು ಶ್ರೇಣಿ. ಸಣ್ಣ ಊರಿನ ಗಾಯಕಿ ‘ಆಕಾಶವಾಣಿ ಕಲಾವಿದೆ’ ಎಂದು ಆಹ್ವಾನಪತ್ರಿಕೆಯಲ್ಲಿ ಹಾಕಿಸಿಕೊಂಡರೆ ಸಭೆಯವರಿಗೆ ಬೇರೆ ಪರಿಚಯ ಬೇಡ.

ದಸರಾ ಬಂದರೆ ನಿಲಯಕ್ಕೆ ಬಿಡುವಿಲ್ಲ. ವಿಜಯದಶಮಿಯಂದು ಜಂಬೂಸವಾರಿಯ ನೇರ ವೀಕ್ಷಕ ವಿವರಣೆ. ಅರಮನೆಯಿಂದ ಬನ್ನಿಮಂಟಪದವರೆಗಿನ ದಾರಿಯನ್ನು ಕಣ್ಣಿಲ್ಲದವರಿಗೂ ಮಾತಿನಲ್ಲೇ ಕಟ್ಟಿಕೊಡಬೇಕು: ಆನೆಯ ಅಲಂಕಾರ, ಅಂಬಾರಿ, ಮುಂದೆ ಸಾಗುವ ಕಲಾತಂಡಗಳು, ಜನಜಂಗುಳಿ. ಈಗ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಇದನ್ನು ದುಬೈ, ಡಲ್ಲಾಸ್‌ಗಳಲ್ಲಿರುವ ಮೈಸೂರಿನವರೂ ಕೇಳಬಹುದು.