ಹಲಗೆಯಷ್ಟು ಜಾಗ, ಅದರ ಮೇಲೊಂದು ರೈಲು

"ಈ ವಯಸ್ಸಿಗೆ ರೈಲಾಟವೇ?" ಎಂದು ನಿಮ್ಮ ಮನೆಯವರು ನಗಬಹುದು. ನಗಲಿ ಬಿಡಿ. ಕಸೂತಿ ಹಾಕಿದರೆ ಹವ್ಯಾಸ, ರೈಲು ಕಟ್ಟಿದರೆ ಮಕ್ಕಳಾಟ ಅನ್ನೋ ಲೆಕ್ಕ ನನಗಂತೂ ಅರ್ಥವಾಗೋಲ್ಲ. ಬಿಡುವಿನ ಹೊತ್ತಿನಲ್ಲಿ ನಮ್ಮದು ಅಂತ ಒಂದು ಕೆಲಸ ಬೇಡವೇ?

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಸರ್ ಆರ್ಥರ್ ಹೇವುಡ್ ಎಂಬವರು 1874ರಲ್ಲಿ ತಮ್ಮ ಡಫೀಲ್ಡ್ ಬ್ಯಾಂಕ್ ಮನೆಯ ಹಿತ್ತಲಿನಲ್ಲೇ ರೈಲು ಹಾಕಲು ಶುರುಮಾಡಿದರು. ಮೊದಲು 9 ಅಂಗುಲದ ಹಳಿ ಮಾಡಿ ನೋಡಿದ್ದರು, ಮನುಷ್ಯರು ಕೂತರೆ ಅದು ಓಲಾಡುತ್ತಿತ್ತು. ಹಾಗಾಗಿ 15 ಅಂಗುಲವೇ ಕನಿಷ್ಠ ಎಂದು ಗೊತ್ತುಮಾಡಿಕೊಂಡರು. ಅಷ್ಟಗಲದ ಹಳಿಯ ಮೇಲೆ ಊಟದ ಡಬ್ಬಿ, ಮಲಗುವ ಡಬ್ಬಿಗಳೂ ಓಡಿದವು! ಜಮೀನುದಾರರಿಗೆ ಇದು ಉಪಯೋಗಕ್ಕೆ ಬರುತ್ತದೆಂದು ಅವರು ಎಷ್ಟು ಹೇಳಿದರೂ, ಕೊಂಡುಕೊಂಡವರು ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಒಬ್ಬರೇ. 1896ರಲ್ಲಿ ಅವರ ಈಟನ್ ಹಾಲ್‌ನಲ್ಲಿ ಆ ರೈಲು ಓಡಿತು.

ಈ 15 ಅಂಗುಲದ ರೈಲಿನ ಮಾದರಿಯನ್ನೇ ನಾವು ಮಾಡಬಹುದು. ಇದರಲ್ಲೊಂದು ಜಾಣತನವಿದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಚ್‌ಓ ಅಥವಾ ಓಓ ಆಟದ ರೈಲಿನ ಹಳಿ 16.5 ಮಿಲಿಮೀಟರ್ ಅಗಲ. ಅದೇ ಹಳಿಯ ಮೇಲೆ 24ರಲ್ಲಿ ಒಂದು ಪಾಲಿನ ದೊಡ್ಡ ಡಬ್ಬಿ ಕೂರಿಸಿದರೆ, ಹಳಿ ಹೆಚ್ಚುಕಡಿಮೆ 15 ಅಂಗುಲದ್ದಾಗುತ್ತದೆ. ಲೆಕ್ಕವೂ ಸುಲಭ, ಒಂದು ಅಡಿಗೆ ಅರ್ಧ ಅಂಗುಲ. ಐದಡಿಯ ಹೆಂಗಸು ಎರಡೂವರೆ ಅಂಗುಲದ ಗೊಂಬೆ. ಬಟ್ಟೆ ಹೊಲಿಯೋ ಟೇಪೇ ಸಾಕು. ಕನ್ನಡಕ ಹಾಕಿದ ನಮ್ಮಂಥವರಿಗೆ ಈ ದೊಡ್ಡ ಅಳತೆಯೇ ವಾಸಿ. ಅಕ್ಕಿಕಾಳಿನಷ್ಟು ಸಾಮಾನು ಹಿಡಿದು ಯಾರು ಒದ್ದಾಡುತ್ತಾರೆ?

ಮೊದಲ ದಿನವೇ ದೊಡ್ಡ ಸೆಟ್ಟಿಗೆ ದುಡ್ಡು ಸುರಿಯಬೇಡಿ. ನಾಲ್ಕು ಚಕ್ರದ ಚಿಕ್ಕ ಇಂಜಿನ್ ಒಂದು, ಮೇಲಿನ ಕವಚ ಒಡೆದದ್ದಾದರೂ ಸರಿ, ಮೋಟಾರು ಓಡಿದರೆ ಸಾಕು. ಹಳಿ, 12 ವೋಲ್ಟಿನ ಕಂಟ್ರೋಲರ್ ಬೇಕು. ಗೋಡೆಯ ಕರೆಂಟನ್ನು ನೇರವಾಗಿ ಹಳಿಗೆ ಕೊಡುವ ಸಾಹಸ ಖಂಡಿತ ಕೂಡದು, ಪ್ರಾಣಕ್ಕೇ ಅಪಾಯ. ಮಾಮೂಲಿ ಓಓ ಸೆಟ್ಟಿನ ಅತಿ ಚಿಕ್ಕ ತಿರುವಿನ ವೃತ್ತ ಮೂರಡಿ ಅಗಲದ ಹಲಗೆಯಲ್ಲಿ ಹಿಡಿಸುತ್ತದೆ.

ಮೇಲಿನ ಕವಚ ನಿಮ್ಮ ಕೈಚಳಕ. ಹಳೇ ಮದುವೆ ಕರೆಯೋಲೆಯ ದಪ್ಪ ಕಾಗದ ಕತ್ತರಿಸಿ, ಐಸ್‌ಕ್ರೀಂ ಕಡ್ಡಿಗಳನ್ನು ಹಲಗೆಗಳಂತೆ ಅಂಟಿಸಿ. ಡಬ್ಬಿ ಹಳಿಗಿಂತ ಎರಡು ಪಟ್ಟು ಅಗಲವಾಗಿರುವುದರಿಂದ ತಿರುವಿನಲ್ಲಿ ಹೊರಕ್ಕೆ ಚಾಚುತ್ತದೆ. ಮನೆ, ಮರ ಅಂಟಿಸುವ ಮುಂಚೆ ಒಂದು ಸುತ್ತು ಓಡಿಸಿಯೇ ನೋಡಿ. ತಲೆಭಾರದಿಂದ ಮಗುಚದ ಹಾಗೆ ತಳದಲ್ಲಿ ಒಂದೆರಡು ಕಬ್ಬಿಣದ ನಟ್ಟು ಅಂಟಿಸಿ.

ರೈಲು ತಡವರಿಸಿ ನಿಂತರೆ ಮೋಟಾರನ್ನು ಬೈಯಬೇಡಿ, ಬಹುಪಾಲು ಹಳಿಯ ಕೊಳೆಯೇ ಕಾರಣ. ಕರೆಂಟು ಆರಿಸಿ ಒಣ ಬಟ್ಟೆಯಿಂದ ಉಜ್ಜಿ. ಆಟ ಮುಗಿದ ಮೇಲೆ ಹಲಗೆಯನ್ನು ಬೀರುವಿನ ಮೇಲಿಟ್ಟು ಹಳೇ ಸೀರೆ ಹೊದಿಸಿಬಿಡಿ, ಧೂಳು ಕೂರೋಲ್ಲ.